ಟವರನ್ನು ಬೈಯುವ ಮೊದಲು ಬಾಗಿಲ ಚೀಟಿ ಓದಿ

ಫೈಲು ಡೌನ್‌ಲೋಡ್ ಆಗದಿದ್ದರೆ ನಾವು ಮೊದಲು ಬೈಯುವುದು ಟವರನ್ನು. ಆಮೇಲೆ ಸಿಮ್ ಕಂಪನಿಯನ್ನು. ಕೊನೆಗೆ ಫೋನನ್ನು. ಮೂವರದೂ ತಪ್ಪಿರುವ ದಿನಗಳಿವೆ, ಇಲ್ಲ ಅನ್ನುವುದಿಲ್ಲ. ಆದರೆ ನಾಲ್ಕನೆಯವನೊಬ್ಬ ಇದ್ದಾನೆ. ಅವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಏಕೆಂದರೆ ಅವನು ಪರದೆಯ ಮೇಲೆ ಕಾಣಿಸುವುದೇ ಇಲ್ಲ. ಯಾರೋ ಯಾವಾಗಲೋ ಬರೆದಿಟ್ಟು ಹೋದ ಒಂದು ಸಾಲಿನ ಸೆಟ್ಟಿಂಗ್ ಅವನು.

ಇವತ್ತು ಆ ಒಂದು ಸಾಲಿನ ಬಗ್ಗೆ ಬರೆಯುತ್ತಿದ್ದೇನೆ. ನನ್ನ ಮಾತು ಇಷ್ಟೇ: ನಮ್ಮ ಡೇಟಾ ಯಾವ ದಾರಿಯಲ್ಲಿ ಹೋಗಬೇಕು ಎಂದು ಹೇಳುವ ಸೆಟ್ಟಿಂಗನ್ನು ನಾವೇ ಓದಲು, ನಾವೇ ಬರೆಯಲು, ನಾವೇ ಅಳಿಸಲು ಕಲಿಯಬೇಕು. ಅದನ್ನು ಹಳ್ಳಿಯ ಕಂಪ್ಯೂಟರ್ ತರಬೇತಿಯ ಮೊದಲ ವಾರದಲ್ಲೇ ಹೇಳಿಕೊಡಬೇಕು. ಕಲಿಯದಿದ್ದರೆ ನಮ್ಮ ಪರವಾಗಿ ಬೇರೆ ಯಾರೋ ಬರೆಯುತ್ತಾರೆ. ಈಗಾಗಲೇ ಬರೆಯುತ್ತಿದ್ದಾರೆ ಕೂಡ.

ಇದು ನಗರದ ಸಾಫ್ಟ್‌ವೇರ್ ಕಂಪನಿಯವರಿಗೆ ಬಿಟ್ಟ ವಿಷಯ ಎಂದುಕೊಂಡು ಪುಟ ಮುಚ್ಚಬೇಡಿ. ಬಿಸಿಎ, ಡಿಪ್ಲೊಮಾ, ಐಟಿಐ ಓದುವ ನಮ್ಮ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಕೊಳ್ಳಲಾಗದೆ ಫೋನಿನಲ್ಲೇ ಟರ್ಮಕ್ಸ್ ಹಾಕಿಕೊಂಡು ಕಲಿಯುತ್ತಿದ್ದಾರೆ. ಪಂಚಾಯ್ತಿ ಗ್ರಂಥಾಲಯಗಳಿಗೆ, ಈಗ ಅರಿವು ಕೇಂದ್ರ ಎಂದು ಕರೆಯುವ ಜಾಗಗಳಿಗೆ, ಕಂಪ್ಯೂಟರ್ ಬಂದಿವೆ. ಹಾಗಾಗಿ ಇದು ನಮ್ಮ ಜಗುಲಿಗೇ ಬಂದ ವಿಷಯ.

ಒಂದು ಸೂಚನೆ. ಈ ಬರಹದಲ್ಲಿ ಆದೇಶಗಳ ಹೆಸರನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ. ಫೋನಿನಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು.

ಕಪ್ಪು ಪರದೆಯ ಮೂರು ಆಳುಗಳು

ಟರ್ಮಕ್ಸ್ ತೆರೆದರೆ ಕಪ್ಪು ಪರದೆ, ಮಿಣುಕುವ ಒಂದು ಗೆರೆ. ಗುಂಡಿ ಇಲ್ಲ, ಚಿತ್ರ ಇಲ್ಲ. ನೀವು ಬರೆದು ಹೇಳಬೇಕು, ಅದು ಮಾಡುತ್ತದೆ. ಇದನ್ನೇ ಕಮಾಂಡ್ ಲೈನ್ ಎನ್ನುವುದು. ಇಲ್ಲಿ ಇಂಟರ್ನೆಟ್‌ನಿಂದ ಫೈಲು ತರಲು, ಕಳಿಸಲು ಮೂರು ಹಳೆಯ ಆಳುಗಳಿವೆ. ಮೂರೂ ಪುಕ್ಕಟೆ.

ಮೊದಲನೆಯದು ಕರ್ಲ್. ಬ್ರೆಜಿಲ್ ದೇಶದ ರಫಾಯೆಲ್ ಸಗುಲ ಎಂಬವರು ಬರೆದಿದ್ದ ಒಂದು ಪುಟ್ಟ ಪ್ರೋಗ್ರಾಂ ಅನ್ನು 1996ರಲ್ಲಿ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಕೈಗೆತ್ತಿಕೊಂಡು ಬೆಳೆಸಿದರು. 1998ರ ಮಾರ್ಚ್‌ನಲ್ಲಿ ಅದಕ್ಕೆ ಕರ್ಲ್ ಎಂಬ ಹೆಸರು ಬಂತು. ಇವತ್ತು ಫೋನು, ಟಿವಿ, ಕಾರಿನ ಒಳಗೆಲ್ಲ ಅದರ ಕೋಡ್ ಕೂತಿದೆ. ವಿಂಡೋಸ್ 10ರಲ್ಲಿ 2018ರಿಂದ ಜೊತೆಗೇ ಬರುತ್ತದೆ. ಅಂದರೆ ನೀವು ಹೆಸರು ಕೇಳಿರದಿದ್ದರೂ ಅದನ್ನು ಬಳಸಿಯೇ ಇರುತ್ತೀರಿ.

ಎರಡನೆಯದು ಡಬ್ಲ್ಯುಗೆಟ್. ಕ್ರೊಯೇಷಿಯಾದ ಹರ್ವೋಯೆ ನಿಕ್ಷಿಚ್ ಬರೆದದ್ದು, ಇದೂ 1996ರದು. ದೊಡ್ಡ ಫೈಲು ಇಳಿಸುವುದರಲ್ಲಿ ಹಠಮಾರಿ. ಸಂಪರ್ಕ ಕಡಿದುಹೋದರೆ ಸುಮ್ಮನೆ ಬಿಡುವುದಿಲ್ಲ, ತಾನಾಗಿ ಇಪ್ಪತ್ತು ಸಲ ಪ್ರಯತ್ನಿಸುತ್ತದೆ.

ಮೂರನೆಯದು ಆರ್‌ಸಿಂಕ್. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಅವರದು, ಅದೂ 1996. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲು ಕಳಿಸುವಾಗ ಬದಲಾದ ಭಾಗವನ್ನಷ್ಟೇ ಕಳಿಸುತ್ತದೆ. ನೂರು ಪುಟದ ಪುಸ್ತಕದಲ್ಲಿ ಎರಡು ಪುಟ ತಿದ್ದಿದರೆ ಆ ಎರಡು ಪುಟದ ಮಟ್ಟಿಗೇ ಡೇಟಾ ಖರ್ಚು.

ನಿಧಾನದ, ಆಗಾಗ ಕೈಕೊಡುವ ನೆಟ್‌ವರ್ಕಿನ ಕಾಲದಲ್ಲಿ ಹುಟ್ಟಿದ ಆಳುಗಳು ಇವು. ನಮ್ಮ ಊರಿನ ನೆಟ್‌ವರ್ಕ್ ಇನ್ನೂ ಹಾಗೇ ಇದೆಯಲ್ಲ, ಅದಕ್ಕೇ ನಮಗೆ ಹೊಂದಿಕೊಳ್ಳುತ್ತವೆ.

ಬಾಗಿಲ ಹಿಂದಿನ ಚೀಟಿ

ಈ ಆಳುಗಳಿಗೆ ಕೆಲಸ ಹೇಳುವ ದಾರಿ ಎರಡು. ಒಂದು, ಪ್ರತಿ ಸಲ ಬಾಯಿಬಿಟ್ಟು ಹೇಳುವುದು: ಇಂಥ ಫೈಲು ತಾ, ಇಂಥ ದಾರಿಯಲ್ಲಿ ಹೋಗು, ಇಷ್ಟೇ ವೇಗದಲ್ಲಿ ಬಾ. ಇನ್ನೊಂದು, ಒಮ್ಮೆ ಬರೆದಿಟ್ಟುಬಿಡುವುದು.

ಹೀಗೆ ಯೋಚಿಸಿ. ಮನೆಯ ಬಾಗಿಲ ಹಿಂದೆ ಒಂದು ಚೀಟಿ ಅಂಟಿಸಿದ್ದೀರಿ: "ಕೆರೆ ಏರಿ ಕುಸಿದಿದೆ, ಊರೊಳಗಿನ ದಾರಿಯಲ್ಲೇ ಹೋಗಿ." ಡೇರಿಗೆ ಹೋಗುವವರು, ಅಂಗಡಿಗೆ ಹೋಗುವವರು, ಸಂತೆಗೆ ಹೋಗುವವರು ಎಲ್ಲರೂ ಹೊರಡುವಾಗ ಅದನ್ನು ಓದಿಕೊಂಡೇ ಹೊರಡುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಬೇಕಿಲ್ಲ. ಕಂಪ್ಯೂಟರಿನಲ್ಲಿ ಈ ಚೀಟಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್ ಎಂದು ಹೆಸರು. ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ, ಅಂದರೆ 1979ರಲ್ಲಿ, ಬಂದ ಏರ್ಪಾಡು ಇದು. ನಾನು ಇನ್ನು ಮುಂದೆ ಚೀಟಿ ಎಂದೇ ಕರೆಯುತ್ತೇನೆ.

ಚೀಟಿ ಅಂಟಿಸುವ ಆದೇಶ ಎಕ್ಸ್‌ಪೋರ್ಟ್. ಕಿತ್ತುಹಾಕುವ ಆದೇಶ ಅನ್‌ಸೆಟ್. ಎಲ್ಲ ಚೀಟಿಗಳನ್ನೂ ಓದುವ ಆದೇಶ ಎನ್ವ್. ಮೂರೇ.

ಚೀಟಿಯ ಸ್ವಭಾವ ಎರಡು ಮಾತಿನಲ್ಲಿ ಹೇಳಬಹುದು. ಹಿರಿಯರದು ಕಿರಿಯರಿಗೆ ಹೋಗುತ್ತದೆ, ಕಿರಿಯರದು ಹಿರಿಯರಿಗೆ ಬರುವುದಿಲ್ಲ. ನೀವು ಟರ್ಮಕ್ಸ್‌ನಲ್ಲಿ ಅಂಟಿಸಿದ ಚೀಟಿ, ಅಲ್ಲಿಂದ ನೀವು ಓಡಿಸುವ ಎಲ್ಲ ಪ್ರೋಗ್ರಾಂಗಳಿಗೂ ನಕಲಾಗಿ ಹೋಗುತ್ತದೆ. ಆ ಪ್ರೋಗ್ರಾಂ ತನ್ನ ನಕಲನ್ನು ತಿದ್ದಿಕೊಂಡರೂ ನಿಮ್ಮದು ಬದಲಾಗುವುದಿಲ್ಲ. ಎರಡನೆಯದು, ಕಿಟಕಿ ಮುಚ್ಚಿದರೆ ಚೀಟಿ ಹೋಯಿತು. ಪ್ರತಿ ಸಲವೂ ಇರಬೇಕೆಂದರೆ ಮನೆಯ ಫೋಲ್ಡರಿನಲ್ಲಿರುವ, ಚುಕ್ಕಿಯಿಂದ ಹೆಸರು ಶುರುವಾಗುವ ಬ್ಯಾಶ್‌ಆರ್‌ಸಿ ಎಂಬ ಫೈಲಿನಲ್ಲಿ ಆ ಸಾಲು ಬರೆದಿಡಬೇಕು. ಚುಕ್ಕಿಯಿಂದ ಶುರುವಾಗುವ ಫೈಲುಗಳು ಸಾಮಾನ್ಯವಾಗಿ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಮುಂದೆ ಹೇಳುವ ತೊಂದರೆಗೆಲ್ಲ ಈ ಕಾಣದಿರುವಿಕೆಯೇ ಮೂಲ.

ಒಳ್ಳೆಯದಕ್ಕೆ ಬಳಸಿದರೆ

ಚೀಟಿ ಕೆಟ್ಟದ್ದೇನಲ್ಲ. ಲೆಕ್ಕ ಹಾಕಿ ನೋಡಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್. 600 ಎಂಬಿಯ ಪಾಠದ ವಿಡಿಯೊ ಇಳಿಸುತ್ತಿದ್ದೀರಿ. 500 ಎಂಬಿ ಬಂದಾಗ ಕರೆಂಟು ಹೋಗಿ ಟವರ್ ಸತ್ತಿತು. ಬ್ರೌಸರ್ ಮತ್ತೆ ಮೊದಲಿನಿಂದ ಶುರು ಮಾಡಿದರೆ ಒಟ್ಟು 1100 ಎಂಬಿ ಖರ್ಚು, ದಿನಕ್ಕೆ ಉಳಿದದ್ದು ಸುಮಾರು 400. ಡಬ್ಲ್ಯುಗೆಟ್‌ಗೆ "ನಿಂತಲ್ಲಿಂದ ಮುಂದುವರಿಸು" ಎಂದು ಹೇಳಿದ್ದರೆ ಉಳಿದ 100 ಎಂಬಿ ಮಾತ್ರ ತಂದುಕೊಡುತ್ತದೆ. ಅದಕ್ಕೆ ಕಿರುಗೆರೆ ಸಿ ಎಂಬ ಆಯ್ಕೆ ಇದೆ. ಕರ್ಲ್‌ನಲ್ಲಿ ಕಿರುಗೆರೆ ದೊಡ್ಡ ಸಿ, ಜಾಗ ಬಿಟ್ಟು ಇನ್ನೊಂದು ಕಿರುಗೆರೆ. ಆ ಕಡೆಯ ಸರ್ವರ್ ಅದಕ್ಕೆ ಒಪ್ಪಬೇಕು ಅನ್ನುವುದು ನಿಜ, ಬಹಳಷ್ಟು ಸರ್ವರ್‌ಗಳು ಒಪ್ಪುತ್ತವೆ.

ಇದನ್ನು ಪ್ರತಿ ಸಲ ಒತ್ತುವ ಬದಲು ಡಬ್ಲ್ಯುಗೆಟ್‌ನ ಸೆಟ್ಟಿಂಗ್ ಫೈಲಿನಲ್ಲಿ ಎರಡು ಸಾಲು ಬರೆದಿಡಬಹುದು. ಒಂದು, ಕಂಟಿನ್ಯೂ ಆನ್. ಇನ್ನೊಂದು, ವೇಗಕ್ಕೆ ಮಿತಿ, ಸೆಕೆಂಡಿಗೆ ಇಷ್ಟು ಕಿಲೋಬೈಟ್ ಎಂದು. ಒಂದೇ ಹಾಟ್‌ಸ್ಪಾಟಿನಲ್ಲಿ ಅಕ್ಕ ಆನ್‌ಲೈನ್ ಕ್ಲಾಸ್ ಕೇಳುತ್ತಿರುವಾಗ ತಮ್ಮನ ಡೌನ್‌ಲೋಡ್ ಇಡೀ ನೆಟ್ ನುಂಗದಿರಲು ಈ ಮಿತಿ ಬೇಕು. ಡಬ್ಲ್ಯುಗೆಟ್‌ಆರ್‌ಸಿ ಎಂಬ ಚೀಟಿಯಲ್ಲಿ ಬೇರೆ ಫೈಲಿನ ದಾರಿ ಬರೆದರೆ ಅದು ಆ ಫೈಲನ್ನೇ ಓದುತ್ತದೆ. ಹಗಲಿಗೊಂದು ಫೈಲು, ರಾತ್ರಿಗೊಂದು ಫೈಲು ಇಟ್ಟುಕೊಳ್ಳಬಹುದು. ಕರ್ಲ್‌ಗೂ ಹೀಗೇ ಕರ್ಲ್‌ಆರ್‌ಸಿ ಎಂಬ ಫೈಲಿದೆ. ಅದು ಯಾವ ಫೋಲ್ಡರಿನಲ್ಲಿದೆ ಎಂದು ಹೇಳಲು ಕರ್ಲ್_ಹೋಮ್ ಎಂಬ ಚೀಟಿ.

ಇಷ್ಟೇ ಆಗಿದ್ದರೆ ಈ ಬರಹವನ್ನು ಕೃಷಿ ಸಲಹೆಯ ಹಾಗೆ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಚೀಟಿಯಲ್ಲಿ ದಾರಿಯನ್ನೂ ಬರೆಯಬಹುದು.

ದಾರಿ ಬದಲಿಸುವ ಚೀಟಿ

ಪ್ರಾಕ್ಸಿ ಎಂದರೆ ಮಧ್ಯವರ್ತಿ. ಸಂತೆಗೆ ನೀವೇ ಹೋಗುವ ಬದಲು ಚೀಲವನ್ನು ದಾರಿಯ ಮನೆಯೊಂದರಲ್ಲಿ ಕೊಟ್ಟು, ಅವರು ಹೋಗಿ ಸಾಮಾನು ತಂದುಕೊಟ್ಟ ಹಾಗೆ. ಕಾಲೇಜು ಲ್ಯಾಬುಗಳಲ್ಲಿ, ಕಚೇರಿಗಳಲ್ಲಿ ಇದಕ್ಕೆ ನ್ಯಾಯವಾದ ಕಾರಣ ಇರುತ್ತದೆ. ಎಲ್ಲರೂ ತರಿಸುವ ಒಂದೇ ಫೈಲನ್ನು ಒಂದು ಕಡೆ ಇಟ್ಟುಕೊಂಡು ಹಂಚಬಹುದು, ಬೇಡದ್ದನ್ನು ತಡೆಯಬಹುದು.

ಕರ್ಲ್ ಹೊರಡುವ ಮೊದಲು ಕೆಲವು ಚೀಟಿಗಳನ್ನು ಹುಡುಕುತ್ತದೆ. ಎಚ್‌ಟಿಟಿಪಿ_ಪ್ರಾಕ್ಸಿ ಎಂಬುದು ಬೀಗವಿಲ್ಲದ ಹಳೆಯ ಬಗೆಯ ವಿಳಾಸಗಳಿಗೆ. ಎಚ್‌ಟಿಟಿಪಿಎಸ್_ಪ್ರಾಕ್ಸಿ ಬೀಗದ ಗುರುತಿನ ವಿಳಾಸಗಳಿಗೆ. ಆಲ್_ಪ್ರಾಕ್ಸಿ ಉಳಿದೆಲ್ಲದಕ್ಕೆ. ನೋ_ಪ್ರಾಕ್ಸಿ ಎಂಬುದರಲ್ಲಿ ಮಧ್ಯವರ್ತಿ ಬೇಡದ ವಿಳಾಸಗಳ ಪಟ್ಟಿ, ಅಲ್ಪವಿರಾಮ ಹಾಕಿ ಬರೆದದ್ದು. ಒಂದೇ ಚೀಟಿ ಸಣ್ಣಕ್ಷರದಲ್ಲೂ ದೊಡ್ಡಕ್ಷರದಲ್ಲೂ ಇದ್ದರೆ ಸಣ್ಣಕ್ಷರದ್ದೇ ನಡೆಯುತ್ತದೆ. ಡಬ್ಲ್ಯುಗೆಟ್ ಕೂಡ ಸಣ್ಣಕ್ಷರದ ಪ್ರಾಕ್ಸಿ ಚೀಟಿಗಳನ್ನು ಓದುತ್ತದೆ. ಇನ್ನೂ ಎಷ್ಟೋ ಪ್ರೋಗ್ರಾಂಗಳು ಇದೇ ಹೆಸರುಗಳನ್ನು ನೋಡುತ್ತವೆ. ಅಂದರೆ ಒಂದು ಸಾಲು ಬರೆದರೆ ಹತ್ತಾರು ಪ್ರೋಗ್ರಾಂಗಳ ದಾರಿ ಒಟ್ಟಿಗೇ ತಿರುಗುತ್ತದೆ.

ತಾಲ್ಲೂಕು ಕೇಂದ್ರದ ಒಂದು ಖಾಸಗಿ ಕಂಪ್ಯೂಟರ್ ಸೆಂಟರಿನಲ್ಲಿ ನಾನು ನೋಡಿದ್ದು ಹೇಳುತ್ತೇನೆ. ಅಲ್ಲಿನ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ ಬ್ರೌಸರ್ ಸರಿಯಾಗಿ ಓಡುತ್ತಿತ್ತು. ಕಪ್ಪು ಪರದೆಯಲ್ಲಿ ಮಾತ್ರ ಏನು ತರಿಸಿದರೂ ಬರುತ್ತಿರಲಿಲ್ಲ. "ಇಲ್ಲಿ ನೆಟ್ ಸ್ಲೋ" ಎಂದು ತಿಂಗಳುಗಟ್ಟಲೆ ಮಕ್ಕಳಿಗೆ ಹೇಳುತ್ತಿದ್ದರಂತೆ. ಎನ್ವ್ ಎಂದು ಒತ್ತಿದಾಗ ಪ್ರಾಕ್ಸಿ ಚೀಟಿಯಲ್ಲಿ ಒಂದು ವಿಳಾಸ ಕಂಡಿತು. ಯಾರದ್ದು ಎಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಯಾರೋ ರಿಪೇರಿಗೆ ಬಂದವರು ಹಾಕಿ ಹೋಗಿದ್ದಿರಬಹುದು. ಆ ವಿಳಾಸದಲ್ಲಿ ಈಗ ಯಾವ ಯಂತ್ರವೂ ಇರಲಿಲ್ಲ, ಅದಕ್ಕೇ ಏನೂ ಬರುತ್ತಿರಲಿಲ್ಲ. ಅನ್‌ಸೆಟ್ ಮಾಡಿ, ಬ್ಯಾಶ್‌ಆರ್‌ಸಿ ಫೈಲಿನ ಆ ಸಾಲು ಅಳಿಸಿದ ಮೇಲೆ ಎಲ್ಲ ಸರಿಯಾಯಿತು.

ನನಗೆ ಭಯವಾದದ್ದು ಕೆಲಸ ನಿಂತಿದ್ದಕ್ಕಲ್ಲ. ಆ ವಿಳಾಸದಲ್ಲಿ ಯಂತ್ರ ಜೀವಂತವಾಗಿದ್ದಿದ್ದರೆ? ಎಲ್ಲ ಸರಾಗವಾಗಿ ನಡೆಯುತ್ತಿತ್ತು. ಯಾರೂ ಎನ್ವ್ ಒತ್ತುತ್ತಿರಲಿಲ್ಲ. ಆ ಮಕ್ಕಳು ತರಿಸಿದ್ದು, ಕಳಿಸಿದ್ದು ಎಲ್ಲ ಗುರುತಿಲ್ಲದವರ ಮನೆಯೊಳಗಿಂದ ಹಾದು ಹೋಗುತ್ತಿತ್ತು. ಕೆಟ್ಟುಹೋದ ಚೀಟಿ ತಾನಾಗಿ ಸಿಕ್ಕಿಬೀಳುತ್ತದೆ. ಕೆಲಸ ಮಾಡುವ ಚೀಟಿ ಸಿಕ್ಕಿಬೀಳುವುದಿಲ್ಲ.

ಮಧ್ಯವರ್ತಿಗೆ ಏನೇನು ಕಾಣುತ್ತದೆ ಎಂಬುದನ್ನೂ ಸರಿಯಾಗಿ ತಿಳಿಯಬೇಕು, ಸುಮ್ಮನೆ ಹೆದರಿಸುವುದು ಬೇಡ. ಬೀಗವಿಲ್ಲದ ಎಚ್‌ಟಿಟಿಪಿ ವಿಳಾಸವಾದರೆ ಅವನಿಗೆ ಎಲ್ಲವೂ ಕಾಣುತ್ತದೆ, ತಿದ್ದಲೂ ಬರುತ್ತದೆ. ಎಚ್‌ಟಿಟಿಪಿಎಸ್ ಆದರೆ ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಕಾಣುತ್ತದೆ, ಒಳಗೆ ಏನು ಮಾತಾಡಿದಿರಿ ಎಂಬುದು ಕಾಣುವುದಿಲ್ಲ. ಚೀಲಕ್ಕೆ ಬೀಗ ಇದೆ ಎಂದುಕೊಳ್ಳಿ. ಬೀಗ ಗಟ್ಟಿಯಾಗಿರುವವರೆಗೆ ಮಧ್ಯವರ್ತಿ ಚೀಲ ಹೊರಬಲ್ಲ, ಬಿಚ್ಚಲಾರ.

ಆದ್ದರಿಂದಲೇ ಬೀಗ ಸಡಿಲಿಸುವ ಚೀಟಿಗಳ ಮೇಲೆ ಹೆಚ್ಚು ಎಚ್ಚರ ಬೇಕು.

ಬೀಗ ಸಡಿಲಿಸುವ ಚೀಟಿ

ಟೆಲಿಗ್ರಾಂ ಗುಂಪುಗಳಲ್ಲಿ, ಯೂಟ್ಯೂಬ್ ವಿಡಿಯೊಗಳ ಕೆಳಗೆ "ಫ್ರೀ ನೆಟ್" ಎಂದು ಪ್ರಾಕ್ಸಿ ವಿಳಾಸಗಳನ್ನು ಹಂಚುವುದನ್ನು ನೀವೂ ನೋಡಿರುತ್ತೀರಿ. ಜೊತೆಗೆ "ಇದನ್ನು ಕಾಪಿ ಮಾಡಿ ಪೇಸ್ಟ್ ಮಾಡಿ, ಎರರ್ ಬಂದರೆ ಇದನ್ನೂ ಹಾಕಿ" ಎಂದು ಇನ್ನೆರಡು ಸಾಲು. ಆ "ಇದನ್ನೂ ಹಾಕಿ" ಎಂಬಲ್ಲಿ ನಿಲ್ಲಿ.

ಕರ್ಲ್‌ನಲ್ಲಿ ಕಿರುಗೆರೆ ಕೆ ಎಂಬ ಆಯ್ಕೆ ಇದೆ. "ಎದುರಿಗಿರುವ ಸರ್ವರ್ ನಿಜವಾದದ್ದೇ ಎಂದು ಪರೀಕ್ಷಿಸಬೇಡ" ಎಂದು ಅದರ ಅರ್ಥ. ಕರ್ಲ್‌ಆರ್‌ಸಿ ಫೈಲಿನಲ್ಲಿ ಇನ್‌ಸೆಕ್ಯೂರ್ ಎಂದು ಒಂದು ಪದ ಬರೆದರೆ ಮುಂದಿನ ಪ್ರತಿ ಡೌನ್‌ಲೋಡಿಗೂ ಪರೀಕ್ಷೆ ನಿಂತುಹೋಗುತ್ತದೆ. ಗಿಟ್ ಎಂಬ ಸಾಧನಕ್ಕೆ ಜಿಐಟಿ_ಎಸ್‌ಎಸ್‌ಎಲ್_ನೋ_ವೆರಿಫೈ ಎಂಬ ಚೀಟಿ ಇದೇ ಕೆಲಸ ಮಾಡುತ್ತದೆ. ಕರ್ಲ್_ಸಿಎ_ಬಂಡಲ್, ಎಸ್‌ಎಸ್‌ಎಲ್_ಸರ್ಟ್_ಫೈಲ್ ಎಂಬ ಚೀಟಿಗಳು ಇನ್ನೂ ನಯವಾದವು: ಯಾರ ಸಹಿಯನ್ನು ನಂಬಬೇಕು ಎಂಬ ಪಟ್ಟಿಯನ್ನೇ ಬದಲಿಸುತ್ತವೆ. ಕಚೇರಿಗಳು ತಮ್ಮ ಸ್ವಂತ ಸಹಿ ಸೇರಿಸಲು ಇವನ್ನು ನ್ಯಾಯವಾಗಿ ಬಳಸುತ್ತವೆ. ಆದರೆ ಗುರುತಿಲ್ಲದವರು ಕೊಟ್ಟ ಪಟ್ಟಿ ಹಾಕಿಕೊಂಡರೆ ಅವರ ಖೋಟಾ ಸಹಿಯೂ ನಿಮಗೆ ಅಸಲಿಯಾಗಿಬಿಡುತ್ತದೆ.

ಪ್ರಾಕ್ಸಿ ಚೀಟಿ ಒಂದೇ ಇದ್ದರೆ ಮಧ್ಯವರ್ತಿ ಚೀಲ ಹೊರುತ್ತಾನೆ. ಅದರ ಜೊತೆ ಬೀಗ ಸಡಿಲಿಸುವ ಚೀಟಿಯೂ ಸೇರಿದರೆ ಚೀಲ ಬಿಚ್ಚುತ್ತಾನೆ. ಎರಡನ್ನೂ ಒಟ್ಟಿಗೆ ಕೊಡುವವನ ಉದ್ದೇಶವನ್ನು ನೀವೇ ಊಹಿಸಿ. ಪುಕ್ಕಟೆ ನೆಟ್ ಕೊಡುವವನಿಗೆ ಅದರಿಂದ ಏನು ಸಿಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಅಜ್ಜಿಯಾದರೂ ಕೇಳುತ್ತಿದ್ದರು.

ಇನ್ನೊಂದು ಚೀಟಿ ಇದೆ, ಎಸ್‌ಎಸ್‌ಎಲ್‌ಕೀಲಾಗ್‌ಫೈಲ್. ದೋಷ ಹುಡುಕುವ ತಂತ್ರಜ್ಞರಿಗಾಗಿ ಇರುವಂಥದ್ದು. ಅದರಲ್ಲಿ ಒಂದು ಫೈಲಿನ ಹೆಸರು ಬರೆದರೆ ಪ್ರತಿ ಸಂಪರ್ಕದ ಗುಟ್ಟಿನ ಕೀಲಿ ಆ ಫೈಲಿಗೆ ಬರೆಯಲ್ಪಡುತ್ತದೆ. ಕರ್ಲ್ ಮಾತ್ರವಲ್ಲ, ಕಂಪ್ಯೂಟರಿನ ಕ್ರೋಮ್, ಫೈರ್‌ಫಾಕ್ಸ್ ಕೂಡ ಈ ಚೀಟಿಯನ್ನು ಪಾಲಿಸುತ್ತವೆ. ಆ ಫೈಲೂ ನೆಟ್‌ವರ್ಕಿನಲ್ಲಿ ಹಿಡಿದಿಟ್ಟ ಡೇಟಾವೂ ಒಬ್ಬನ ಕೈಗೇ ಸಿಕ್ಕರೆ ಬೀಗ ಇದ್ದೂ ಇಲ್ಲದ ಹಾಗೆ. ಹತ್ತು ಜನ ಬಳಸುವ ಕಂಪ್ಯೂಟರಿನಲ್ಲಿ ಈ ಹೆಸರು ಕಂಡರೆ ಬ್ಯಾಂಕ್ ಕೆಲಸ ಅಲ್ಲಿ ಮಾಡಬೇಡಿ. ಉಸ್ತುವಾರಿಯವರನ್ನು ಕೇಳಿ, ಉತ್ತರ ಬರುವವರೆಗೆ ಬಿಡಬೇಡಿ.

ಪಾಸ್‌ವರ್ಡನ್ನೂ ಚೀಟಿಯಲ್ಲಿ ಬರೆಯುವ ರೂಢಿ ಇದೆ. ಆರ್‌ಸಿಂಕ್_ಪಾಸ್‌ವರ್ಡ್ ಎಂಬ ಚೀಟಿಯೇ ಇದೆ. ಪ್ರಾಕ್ಸಿ ವಿಳಾಸದ ಒಳಗೂ ಹೆಸರು, ಗುಪ್ತಪದ ಸೇರಿಸಿ ಬರೆಯಬಹುದು. ಆದರೆ ನೆನಪಿಡಿ, ಬಾಗಿಲ ಚೀಟಿಯನ್ನು ಹೊರಡುವ ಎಲ್ಲರೂ ಓದುತ್ತಾರೆ. ನೀವು ನಿನ್ನೆ ಎಲ್ಲಿಂದಲೋ ತಂದು ಓಡಿಸಿದ ಪ್ರೋಗ್ರಾಂ ಕೂಡ. ಅಲ್ಲದೆ ಎಕ್ಸ್‌ಪೋರ್ಟ್ ಎಂದು ಒತ್ತಿದ ಸಾಲು ಹಿಸ್ಟರಿ ಫೈಲಿನಲ್ಲಿ ಉಳಿದುಕೊಳ್ಳುತ್ತದೆ. ಆರ್‌ಸಿಂಕ್‌ಗೆ ಪಾಸ್‌ವರ್ಡಿನ ಫೈಲನ್ನು ಬೇರೆಯೇ ತೋರಿಸುವ ಆಯ್ಕೆ ಇದೆ. ಆ ಫೈಲನ್ನು ಬೇರೆಯವರು ಓದದಂತೆ ಮಾಡಿ ಅದನ್ನೇ ಬಳಸುವುದು ವಾಸಿ.

ಹೊರಗಿನವರು ಚೀಟಿ ಅಂಟಿಸಿದ ಕತೆ

ಮನೆಯವರು ಅಂಟಿಸಿದ ಚೀಟಿಯ ಮಾತಾಯಿತು. ಬೀದಿಯಲ್ಲಿ ಹೋಗುವವರೂ ನಿಮ್ಮ ಬಾಗಿಲ ಹಿಂದೆ ಚೀಟಿ ಅಂಟಿಸಲು ಸಾಧ್ಯವಾದರೆ? ಹಾಗೆ ಆಗಿದೆ.

ಹಳೆಯ ವೆಬ್ ಸರ್ವರ್‌ಗಳಲ್ಲಿ ಸಿಜಿಐ ಎಂಬ ಪದ್ಧತಿ ಇದೆ. ಹೊರಗಿನಿಂದ ಬಂದ ಕೋರಿಕೆಯ ಜೊತೆಗಿರುವ ಒಕ್ಕಣೆಗಳನ್ನು ಅದು ಚೀಟಿಗಳಾಗಿ ಬದಲಿಸುತ್ತದೆ. ಪ್ರತಿ ಹೆಸರಿನ ಹಿಂದೆ ದೊಡ್ಡಕ್ಷರದಲ್ಲಿ ಎಚ್‌ಟಿಟಿಪಿ ಅಂಡರ್‌ಸ್ಕೋರ್ ಎಂದು ಸೇರಿಸುತ್ತದೆ. ಈಗ ಯಾರಾದರೂ "ಪ್ರಾಕ್ಸಿ" ಎಂಬ ಹೆಸರಿನ ಒಕ್ಕಣೆ ಕಳಿಸಿದರೆ? ಅದು ದೊಡ್ಡಕ್ಷರದ ಎಚ್‌ಟಿಟಿಪಿ_ಪ್ರಾಕ್ಸಿ ಎಂಬ ಚೀಟಿಯಾಗುತ್ತದೆ. ಆ ಸರ್ವರ್ ಮುಂದೆ ಎಲ್ಲಿಗಾದರೂ ಡೇಟಾ ಕಳಿಸುವಾಗ ಆ ಚೀಟಿ ಓದಿ ಕಳ್ಳ ಹೇಳಿದ ದಾರಿಯಲ್ಲೇ ಹೋಗುತ್ತದೆ. ಬೀಗ ಒಡೆಯುವುದು ಬೇಡ, ಗೋಡೆ ಹಾರುವುದು ಬೇಡ. ಎರಡು ಹೆಸರುಗಳು ಒಂದೇ ಆದದ್ದೇ ಸಾಕಾಯಿತು.

2001ರ ಮಾರ್ಚ್‌ನಲ್ಲಿ ಪರ್ಲ್ ಭಾಷೆಯ ಒಂದು ಗ್ರಂಥಾಲಯದಲ್ಲಿ ಇದು ಪತ್ತೆಯಾಯಿತು. ಮರು ತಿಂಗಳು ಕರ್ಲ್‌ನಲ್ಲೂ ಕಂಡು ಸರಿಪಡಿಸಿದರು. ಇವತ್ತಿಗೂ ಕರ್ಲ್ ಈ ಒಂದು ಚೀಟಿಯನ್ನು ಮಾತ್ರ ಸಣ್ಣಕ್ಷರದಲ್ಲಿದ್ದರಷ್ಟೇ ಒಪ್ಪುತ್ತದೆ, ದೊಡ್ಡಕ್ಷರದ್ದನ್ನು ತಿರುಗಿಯೂ ನೋಡುವುದಿಲ್ಲ. ಎಷ್ಟೋ ಜನ "ಇದೇನು ವಿಚಿತ್ರ ನಿಯಮ" ಎಂದು ಬೈದುಕೊಳ್ಳುತ್ತಾರೆ. ಅದರ ಹಿಂದೆ ಈ ಕತೆ ಇದೆ.

ಆದರೆ ಪಾಠ ಅಲ್ಲಿಗೇ ಉಳಿಯಿತು. ಹದಿನೈದು ವರ್ಷದ ಮೇಲೆ, 2016ರ ಜುಲೈಯಲ್ಲಿ, ಅದೇ ತೂತು ಪಿಎಚ್‌ಪಿ, ಪೈಥಾನ್, ಗೋ ಭಾಷೆಗಳ ಬಳಕೆಯಲ್ಲಿ ಮತ್ತೆ ಸಿಕ್ಕಿತು. ಎಚ್‌ಟಿಟಿಪಾಕ್ಸಿ ಎಂದು ಹೆಸರಿಟ್ಟು, ಲೋಕಕ್ಕೆಲ್ಲ ಸಾರಿ, ಅವಸರದಲ್ಲಿ ಮುಚ್ಚಿದರು. ದೊಡ್ಡ ದೊಡ್ಡ ಪರಿಣತರ ಕಣ್ಣೆದುರಿಗೇ ಒಂದು ಚೀಟಿ ಹದಿನೈದು ವರ್ಷ ಓದದೆ ಉಳಿಯಿತು. ಹೀಗಿರುವಾಗ ನಮ್ಮೂರ ಸೆಂಟರಿನ ಹುಡುಗನನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಅವನಿಗೆ ಹೇಳಿಕೊಡದಿರುವುದಕ್ಕೂ ಈಗ ನೆಪವಿಲ್ಲ.

"ಹಳ್ಳಿಯವರಿಗೆ ಇದೆಲ್ಲ ಯಾಕೆ?"

ಈ ಮಾತನ್ನು ನಾನು ಮೂರು ಬಗೆಯಲ್ಲಿ ಕೇಳಿದ್ದೇನೆ. ಮೂರಕ್ಕೂ ಉತ್ತರ ಕೊಡಬೇಕು.

ಒಂದು: "ಆಪ್ ಇರುವಾಗ ಕಪ್ಪು ಪರದೆ ಯಾಕೆ?" ಆಪ್ ಸಾಕಾದವರಿಗೆ ಆಪ್ ಸಾಕು. ಆದರೆ ಆಪ್‌ಗಳ ಕೆಳಗೂ ಇದೇ ಏರ್ಪಾಡಿದೆ. ನಿಮ್ಮ ಆಂಡ್ರಾಯ್ಡ್ ಫೋನಿನ ವೈಫೈ ಸೆಟ್ಟಿಂಗಿನಲ್ಲಿ ನೆಟ್‌ವರ್ಕಿನ ಹೆಸರು ಒತ್ತಿ ಒಳಗೆ ಹೋದರೆ ಪ್ರಾಕ್ಸಿ ಎಂಬ ಸಾಲು ಕಾಣುತ್ತದೆ. ಕೀಪ್ಯಾಡ್ ಫೋನಿನ ಕಾಲದಲ್ಲಿ ಕಂಪನಿಯಿಂದ ಇಂಟರ್ನೆಟ್ ಸೆಟ್ಟಿಂಗ್ಸ್ ಎಂದು ಮೆಸೇಜ್ ಬರುತ್ತಿತ್ತು, ನಾವು ಸೇವ್ ಒತ್ತುತ್ತಿದ್ದೆವು, ನೆನಪಿದೆಯಾ? ಅಂಥ ಸೆಟ್ಟಿಂಗಿನಲ್ಲೂ ಪ್ರಾಕ್ಸಿಗೊಂದು ಖಾನೆ ಇರುತ್ತಿತ್ತು. ಆಗಲೂ ಓದಲಿಲ್ಲ, ಈಗಲೂ ಓದುತ್ತಿಲ್ಲ.

ಎರಡು: "ಇದನ್ನೆಲ್ಲ ಕಲಿತರೆ ಮಕ್ಕಳು ಹ್ಯಾಕರ್ ಆಗುತ್ತಾರೆ." ಫೋನಿನಲ್ಲಿ ಕಪ್ಪು ಪರದೆ ಕಂಡರೆ ಅಪ್ಪ ಅಮ್ಮ ಗಾಬರಿಯಾಗುವುದು ನಿಜ. ಆದರೆ ಬೀಗ ಹಾಕಲು ಕಲಿಯದವನು ಸಾಚಾ, ಕಲಿತವನು ಕಳ್ಳ ಎನ್ನುವ ನ್ಯಾಯ ಎಲ್ಲಿದೆ? ಓದಲು ಬಾರದವನಿಂದ ಖಾಲಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಕಾಲ ನಮ್ಮ ಊರುಗಳು ಮರೆತಿಲ್ಲ. ಅರ್ಥ ಗೊತ್ತಿಲ್ಲದ ಎಕ್ಸ್‌ಪೋರ್ಟ್ ಸಾಲನ್ನು ಪೇಸ್ಟ್ ಮಾಡುವುದೂ ಹೆಬ್ಬೆಟ್ಟೇ.

ಮೂರು: "ಇಂಗ್ಲಿಷ್ ಬಾರದವರಿಗೆ ಇದು ಹೇಗೆ ಸಾಧ್ಯ?" ಇದು ಗಟ್ಟಿಯಾದ ಆಕ್ಷೇಪ, ಒಪ್ಪುತ್ತೇನೆ. ಆದೇಶಗಳು ಇಂಗ್ಲಿಷಿನಲ್ಲಿವೆ, ಕೈಪಿಡಿ ಇಂಗ್ಲಿಷಿನಲ್ಲಿದೆ. ಆದರೆ ಆದೇಶ ಹತ್ತು ಪದ, ವಿವರಣೆ ಸಾವಿರ ಪದ. ಹತ್ತನ್ನು ಹಾಗೇ ಕಲಿತು ಸಾವಿರವನ್ನು ಕನ್ನಡದಲ್ಲಿ ಹೇಳಬಹುದು. ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್, ಕೆಪಾಸಿಟರ್, ಫೇಸ್ ಎಲ್ಲ ಇಂಗ್ಲಿಷ್ ಪದಗಳೇ. ಒಂದು ಫೇಸ್ ಹೋದರೆ ಏನಾಗುತ್ತದೆ ಎಂದು ನಮ್ಮ ರೈತರು ಎಂಜಿನಿಯರಿಗಿಂತ ಚೆನ್ನಾಗಿ ಹೇಳುತ್ತಾರೆ. ಅದು ಕನ್ನಡದಲ್ಲಿ, ಹೊಲದಲ್ಲಿ, ಒಬ್ಬರಿಂದೊಬ್ಬರಿಗೆ ಬಂದ ವಿದ್ಯೆ. ಇದನ್ನೂ ಹಾಗೇ ಕಲಿಸಬಹುದು. ಕಲಿಸುವವರು ಮನಸ್ಸು ಮಾಡಬೇಕು.

ಏನು ಮಾಡಬೇಕು

ಮೊದಲು ನಮ್ಮ ಕೈಯಲ್ಲಿರುವುದು. ಟರ್ಮಕ್ಸ್ ಆಗಲಿ, ಲಿನಕ್ಸ್ ಆಗಲಿ, ತೆರೆದ ಕೂಡಲೇ ಎನ್ವ್ ಎಂದು ಒತ್ತಿ ಚೀಟಿಗಳನ್ನು ಒಮ್ಮೆ ಓದಿ. ಪ್ರಾಕ್ಸಿ, ಎಸ್‌ಎಸ್‌ಎಲ್, ಸರ್ಟ್, ಪಾಸ್‌ವರ್ಡ್ ಎಂಬ ಪದಗಳಿರುವ ಸಾಲು ಕಂಡರೆ ಅಲ್ಲಿ ನಿಲ್ಲಿ. ನೀವು ಬರೆದದ್ದೇ? ಅಲ್ಲವಾದರೆ ಯಾರು, ಯಾಕೆ? ಉತ್ತರ ಸಿಗದಿದ್ದರೆ ಅನ್‌ಸೆಟ್ ಮಾಡಿ. ಕಂಪ್ಯೂಟರ್ ಬೇರೆಯವರದಾದರೆ ಮೊದಲು ಅವರನ್ನು ಕೇಳಿ.

ಕರ್ಲ್ ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ನೋಡಲು ಕಿರುಗೆರೆ ವಿ ಸೇರಿಸಿ ಓಡಿಸಿ. ಪ್ರಾಕ್ಸಿ ಚೀಟಿ ಬಳಸುತ್ತಿದ್ದರೆ ಯಾವ ಚೀಟಿ, ಅದರಲ್ಲಿ ಯಾವ ವಿಳಾಸ ಎಂದು ಅದೇ ಬಾಯಿಬಿಡುತ್ತದೆ. ಕೆಲಸ ಕೆಟ್ಟಾಗ ಬರುವ ಸಂಖ್ಯೆಯನ್ನೂ ಓದಿ. 5 ಎಂದರೆ ಪ್ರಾಕ್ಸಿಯ ವಿಳಾಸವೇ ಸಿಗಲಿಲ್ಲ. 6 ಎಂದರೆ ತಾಣದ ವಿಳಾಸ ಸಿಗಲಿಲ್ಲ. 7 ಎಂದರೆ ಸಂಪರ್ಕ ಆಗಲಿಲ್ಲ. 60 ಎಂದರೆ ಎದುರಿನವರ ಸಹಿ ನಂಬುವಂತಿಲ್ಲ. 60 ಬಂದಾಗ ಕಿರುಗೆರೆ ಕೆ ಹಾಕಿ ನುಗ್ಗಬೇಡಿ. ಫೋನಿನ ದಿನಾಂಕ ಸರಿಯಿದೆಯೇ ನೋಡಿ, ದಿನಾಂಕ ತಪ್ಪಿದ್ದರೂ ಹೀಗಾಗುತ್ತದೆ. ಸರಿಯಿದ್ದರೆ ಅಲ್ಲಿಗೆ ನಿಲ್ಲಿಸಿ, ಬೇರೆ ನೆಟ್‌ವರ್ಕಿನಲ್ಲಿ ನೋಡಿ.

ಒಮ್ಮೆಗೆ ಮಾತ್ರ ಯಾವ ಮಧ್ಯವರ್ತಿಯೂ ಬೇಡ ಎನ್ನಬೇಕಾದರೆ ಎರಡು ಕಿರುಗೆರೆ ನೋಪ್ರಾಕ್ಸಿ ಎಂದು ಬರೆದು, ಜಾಗ ಬಿಟ್ಟು, ಉದ್ಧರಣ ಚಿಹ್ನೆಯೊಳಗೆ ಒಂದು ನಕ್ಷತ್ರ ಹಾಕಿ. ಕರ್ಲ್‌ಆರ್‌ಸಿ ಫೈಲನ್ನು ಓದಬೇಡ ಎನ್ನಬೇಕಾದರೆ ಕರ್ಲ್ ಪದದ ನಂತರ ಎಲ್ಲಕ್ಕಿಂತ ಮೊದಲು ಕಿರುಗೆರೆ ಕ್ಯೂ.

ಇನ್ನು ಊರಿನ ಕೈಯಲ್ಲಿರುವುದು. ಅರಿವು ಕೇಂದ್ರಗಳ, ಕಾಲೇಜು ಲ್ಯಾಬುಗಳ, ಸೆಂಟರುಗಳ ಕಂಪ್ಯೂಟರಿನಲ್ಲಿ ಪ್ರಾಕ್ಸಿ ಹಾಕುವುದು ತಪ್ಪಲ್ಲ. ಆದರೆ ಹಾಕಿದ್ದನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ತೂಗುಹಾಕಬೇಕು: ಇಲ್ಲಿ ಇಂಥ ಪ್ರಾಕ್ಸಿ ಇದೆ, ಇಂಥ ಕಾರಣಕ್ಕೆ, ಇಂಥವರು ಉಸ್ತುವಾರಿ. ಪಡಿತರ ಅಂಗಡಿಯಲ್ಲಿ ದಾಸ್ತಾನಿನ ಬೋರ್ಡು ಕೇಳುವ ನಾವು ಇದನ್ನೂ ಕೇಳಬಹುದು. ತರಬೇತಿ ಕೊಡುವವರು ಮೌಸ್ ಹಿಡಿಯುವುದು, ಅರ್ಜಿ ತುಂಬುವುದು ಕಲಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸುವುದನ್ನು ಬಿಟ್ಟು, ಕನಿಷ್ಠ ಅರ್ಧ ದಿನ ಚೀಟಿ ಓದುವುದನ್ನು ಕಲಿಸಬೇಕು. ಅರ್ಧ ದಿನ ಸಾಕು. ಮೂರು ಆದೇಶ, ನಾಲ್ಕು ಹೆಸರು, ಒಂದು ಗಟ್ಟಿ ಅಭ್ಯಾಸ.

ಫೈಲು ನಿಧಾನಕ್ಕೆ ಬಂದರೆ ಹೋಗುವುದು ಒಂದು ಗಂಟೆ. ದಾರಿ ತಪ್ಪಿ ಬಂದರೆ ಏನು ಹೋಯಿತು ಎಂದೇ ಗೊತ್ತಾಗುವುದಿಲ್ಲ. ನಿಮ್ಮ ಊರಿನ ಸೆಂಟರಿಗೆ ಮುಂದಿನ ಸಲ ಹೋದಾಗ ಬ್ರೌಸರ್ ತೆರೆಯುವ ಮೊದಲು ಕಪ್ಪು ಪರದೆ ತೆರೆದು ಮೂರಕ್ಷರದ ಆ ಆದೇಶ ಒತ್ತಿ. ಗುರುತಿಲ್ಲದ ಹೆಸರು ಕಂಡರೆ ಉಸ್ತುವಾರಿಯವರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಕೂತು ಹುಡುಕಿ.